ಮಾಂಕ್‌ಗೆ ಪಿಯಾನೋ ಬರ್ತಿರಲಿಲ್ವಂತೆ!

ಥೆಲೋನಿಯಸ್ ಮಾಂಕ್ ಬಗ್ಗೆ ಎರಡು ಸುಳ್ಳುಗಳು ಚಾಲ್ತಿಯಲ್ಲಿವೆ. ಒಂದು, ಅವನಿಗೆ ಪಿಯಾನೋ ಸರಿಯಾಗಿ ನುಡಿಸೋಕೆ ಬರ್ತಿರಲಿಲ್ಲ, ಬರದೇ ಇದ್ದದ್ದನ್ನೇ ಸ್ಟೈಲು ಅಂತ ಮಾರಿದ ಅನ್ನೋದು. ಇನ್ನೊಂದು, ಅವನು ಹುಟ್ಟಾ ಜೀನಿಯಸ್, ಯಾರ ಹತ್ತಿರವೂ ಏನೂ ಕಲಿಯಲಿಲ್ಲ, ಒಳಗೆ ಇದ್ದದ್ದನ್ನ ಹಾಗೇ ಹೊರಗೆ ಹಾಕಿದ ಅನ್ನೋದು. ಮೊದಲನೆಯದನ್ನ ಬೈಯೋಕೆ ಹೇಳ್ತಾರೆ, ಎರಡನೆಯದನ್ನ ಹೊಗಳೋಕೆ. ನನ್ನ ತಕರಾರು ಇಷ್ಟೇ: ಎರಡೂ ಒಂದೇ ಸುಳ್ಳು. ಎರಡರಲ್ಲೂ ಆ ಮನುಷ್ಯ ಜೀವಮಾನವಿಡೀ ಮಾಡಿದ ಕೆಲಸ ಮಾಯವಾಗಿಬಿಡುತ್ತೆ.

ಪರಿಚಯ ಇಲ್ಲದವರಿಗೆ ಎರಡು ಮಾತು. ಮಾಂಕ್ ಅಮೆರಿಕದ ಕಪ್ಪು ಜನಾಂಗದ ಜಾಝ್ ಪಿಯಾನೋ ವಾದಕ, ಸಂಯೋಜಕ. 1917ರಲ್ಲಿ ನಾರ್ತ್ ಕ್ಯಾರೊಲಿನಾದ ರಾಕಿ ಮೌಂಟ್‌ನಲ್ಲಿ ಹುಟ್ಟಿದ, ಐದು ವರ್ಷ ತುಂಬೋ ಹೊತ್ತಿಗೆ ಮನೆಯವರ ಜೊತೆ ನ್ಯೂಯಾರ್ಕ್ ಸೇರಿದ, 1982ರಲ್ಲಿ ತೀರಿಕೊಂಡ. ಬಿಟ್ಟುಹೋದದ್ದು ಸುಮಾರು 70 ಕೃತಿ. ಡ್ಯೂಕ್ ಎಲಿಂಗ್ಟನ್ ಬರೆದದ್ದು ಸಾವಿರಕ್ಕೂ ಹೆಚ್ಚು, ಅದರ ಮುಂದೆ 70 ಏನೇನೂ ಅಲ್ಲ. ಆದರೆ ‘ರೌಂಡ್ ಮಿಡ್‌ನೈಟ್’, ‘ಬ್ಲೂ ಮಾಂಕ್’, ‘ಸ್ಟ್ರೇಟ್, ನೋ ಚೇಸರ್’ ಇವುಗಳನ್ನ ಮುಟ್ಟದೆ ಜಾಝ್ ಕಲಿತವರು ಸಿಗೋದು ಕಷ್ಟ.

ಮೊದಲ ಸಲ ಕೇಳಿದವರಿಗೆ ಅವನ ವಾದನ ಗಾಬರಿ ಹುಟ್ಟಿಸುತ್ತೆ, ನಿಜ. ಬೆರಳನ್ನ ಬಗ್ಗಿಸದೆ ಚಪ್ಪಟೆಯಾಗಿಟ್ಟು ಕೀಗಳ ಮೇಲೆ ಹೊಡೀತಾನೆ. ಪಕ್ಕಪಕ್ಕದ ಎರಡು ಕೀಗಳನ್ನ ಒಟ್ಟಿಗೇ ಒತ್ತಿ ಕಿವಿಗೆ ಚುಚ್ಚೋ ಥರ ಮಾಡ್ತಾನೆ. ಇಲ್ಲಿ ಸ್ವರ ಬೀಳುತ್ತೆ ಅಂದುಕೊಂಡ ಕಡೆ ಸುಮ್ಮನಿರ್ತಾನೆ, ಸುಮ್ಮನಿರಬೇಕಾದ ಕಡೆ ದಪ್ ಅಂತ ಹಾಕ್ತಾನೆ. ಕಛೇರಿ ಮಧ್ಯೆ ಎದ್ದು ನಿಂತು ಗಿರಗಿರ ತಿರುಗಿ ಕುಣೀತಾನೆ. ತಲೆ ಮೇಲೆ ವಿಚಿತ್ರ ಟೋಪಿ ಬೇರೆ. ಇಷ್ಟು ನೋಡಿದ್ದೇ ತಡ, ನಮ್ಮ ಜನ ತೀರ್ಪು ಕೊಟ್ಟುಬಿಡ್ತಾರೆ. ಆಗಿನ ಅಮೆರಿಕದ ವಿಮರ್ಶಕರಲ್ಲೂ ಬೇಕಾದಷ್ಟು ಜನ ಅದನ್ನೇ ಮಾಡಿದ್ರು.

ಕುಣಿಲಾರದವಳು ನೆಲ ಡೊಂಕು ಅಂದಳಂತೆ. ಮೊದಲನೇ ಸುಳ್ಳಿನ ಸಾರ ಇದೇ: ಬೆರಳು ಓಡದವನು ‘ನಿಧಾನವೇ ನನ್ನ ಶೈಲಿ’ ಅಂದ. ಸರಿ, ಸಾಕ್ಷಿ ನೋಡೋಣ.

ಮಾಂಕ್ ಹುಡುಗನಾಗಿದ್ದಾಗ ಸೈಮನ್ ವುಲ್ಫ್ ಅನ್ನೋ ಮೇಷ್ಟ್ರ ಹತ್ತಿರ ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೋ ಪಾಠ ಹೇಳಿಸಿಕೊಂಡಿದ್ದ. ಹದಿಹರೆಯದಲ್ಲಿ ಊರೂರು ಸುತ್ತೋ ಒಬ್ಬ ಕ್ರೈಸ್ತ ಪ್ರಚಾರಕಿಯ ತಂಡದ ಜೊತೆ ಹೋಗಿ ಪ್ರಾರ್ಥನಾ ಸಭೆಗಳಲ್ಲಿ ನುಡಿಸಿದ. ಆ ಸುತ್ತಾಟದಲ್ಲಿ ಕ್ಯಾನ್ಸಸ್ ಸಿಟಿಗೆ ಬಂದಾಗ ಅವನನ್ನ ಕೇಳಿದವಳು ಮೇರಿ ಲೂ ವಿಲಿಯಮ್ಸ್. ಆಕೆ ಆ ಕಾಲದ ದೊಡ್ಡ ಪಿಯಾನೋ ವಾದಕಿ, ದೊಡ್ಡ ಸಂಯೋಜಕಿ, ಮುಲಾಜಿಗೆ ಮಾತಾಡುವವಳಲ್ಲ. ಮಾಂಕ್ ಆಗ ಈಗಿನದ್ದಕ್ಕಿಂತ ಎಷ್ಟೋ ಹೆಚ್ಚು ಬೆರಳುಗಾರಿಕೆ ತೋರಿಸ್ತಿದ್ದ ಅಂತ ಆಕೆ 1950ರ ದಶಕದಲ್ಲಿ ನೆನಪು ಮಾಡಿಕೊಂಡು ಹೇಳಿದ್ದಾಳೆ. ಅಂದರೆ ಮೊದಲು ಇತ್ತು, ಆಮೇಲೆ ಕಮ್ಮಿ ಆಯ್ತು.

ಆಕೆಯ ಮಾತು ಸಾಲದು ಅಂದ್ರೆ ಧ್ವನಿಮುದ್ರಣವೇ ಇದೆ. 1941ರಲ್ಲಿ ಜೆರ್ರಿ ನ್ಯೂಮನ್ ಅನ್ನೋ ಕಾಲೇಜು ಹುಡುಗ ಹಾರ್ಲೆಮ್‌ನ ಮಿಂಟನ್ಸ್ ಪ್ಲೇಹೌಸ್‌ಗೆ ರೆಕಾರ್ಡಿಂಗ್ ಯಂತ್ರ ಹೊತ್ತುಕೊಂಡು ಹೋಗಿ, ಅಲ್ಲಿ ರಾತ್ರಿ ನಡೀತಿದ್ದ ಕೂಟಗಳನ್ನ ಹಿಡಿದಿಟ್ಟ. ಮಾಂಕ್ ಅಲ್ಲಿ ಖಾಯಂ ಪಿಯಾನೋ ವಾದಕ. ಆ ಮುದ್ರಣಗಳಲ್ಲಿ ಅವನ ಬಲಗೈ ಸಲೀಸಾಗಿ ಹರಿಯೋದನ್ನ ನೀವೇ ಕೇಳಬಹುದು. ಆ ಕಾಲದ ಒಳ್ಳೆ ಸ್ವಿಂಗ್ ಪಿಯಾನೋ ವಾದಕ ಹೇಗಿರಬೇಕೋ ಹಾಗೆ. ಅಲ್ಲಿಂದ 1947ಕ್ಕೆ ಬನ್ನಿ. ಬ್ಲೂ ನೋಟ್ ಕಂಪನಿಗೆ ತನ್ನದೇ ಹೆಸರಲ್ಲಿ ಮೊದಲ ಸಲ ರೆಕಾರ್ಡ್ ಮಾಡಿದಾಗ ಅವನಿಗೆ ಆಗಷ್ಟೇ 30 ತುಂಬಿತ್ತು. ಆ ಹರಿಯೋ ಸ್ವರಗಳಲ್ಲಿ ಬಹುಪಾಲು ಮಂಗಮಾಯ! ಬರದೇ ಇದ್ದದ್ದನ್ನ ಮುಚ್ಚಿಟ್ಟವನಲ್ಲ ಇವನು, ಬರ್ತಿದ್ದದ್ದನ್ನ ಒಂದೊಂದಾಗಿ ತೆಗೆದುಹಾಕಿದವನು.

ನಾವು ಕೋಡ್ ಬರೆಯೋರಿಗೆ ಇದು ಬೇಗ ಅರ್ಥ ಆಗಬೇಕಿತ್ತು. ಸಾವಿರ ಸಾಲು ಬರೆಯೋದು ಸುಲಭ. ಏನೂ ಒಡೆಯದ ಹಾಗೆ ಅದರಲ್ಲಿ ಎಂಟುನೂರು ಸಾಲು ತೆಗೆಯೋದು ಕಷ್ಟ. ಆದರೆ ಅಪ್ರೈಸಲ್ ಫಾರ್ಮಿನಲ್ಲಿ ತೆಗೆದ ಸಾಲಿಗೆ ಕಾಲಂ ಇಲ್ಲ ನೋಡಿ. ಮಾಂಕ್‌ಗೂ ಇರಲಿಲ್ಲ.

ಇನ್ನೂ ಅನುಮಾನ ಇದ್ದವರಿಗೆ ನನ್ನ ಹತ್ತಿರ ಇರೋ ಅತಿ ಗಟ್ಟಿ ಸಾಕ್ಷಿ 1959ರದ್ದು. ಆ ವರ್ಷ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಟೌನ್ ಹಾಲ್‌ನಲ್ಲಿ ಹತ್ತು ಜನರ ತಂಡ ಕಟ್ಟಿಕೊಂಡು ಮಾಂಕ್ ತನ್ನ ಕೃತಿಗಳ ಕಛೇರಿ ಕೊಟ್ಟ. ವಾದ್ಯಗಳಿಗೆ ಹಂಚಿ ಬರೆದುಕೊಟ್ಟವನು ಹಾಲ್ ಓವರ್ಟನ್, ಜೂಲಿಯಾರ್ಡ್ ಸಂಗೀತ ಶಾಲೆಯಲ್ಲಿ ಪಾಠ ಮಾಡಿದ ಸಂಯೋಜಕ. ಓವರ್ಟನ್ ಇದ್ದ ಕಟ್ಟಡದಲ್ಲೇ ಛಾಯಾಗ್ರಾಹಕ ಯೂಜೀನ್ ಸ್ಮಿತ್ ಇದ್ದ. ಕಟ್ಟಡದ ತುಂಬ ಮೈಕ್ ಹಾಕಿ ಟೇಪು ಓಡಿಸೋ ಹುಚ್ಚು ಅವನಿಗೆ. ಹಾಗಾಗಿ ಮಾಂಕ್, ಓವರ್ಟನ್ ಇಬ್ಬರೂ ಪಿಯಾನೋ ಮುಂದೆ ಕೂತು ಸ್ವರ ಸ್ವರವನ್ನೂ ಚರ್ಚೆ ಮಾಡಿದ್ದು ಇವತ್ತಿಗೂ ಟೇಪಿನಲ್ಲಿದೆ. ಆ ಕಛೇರಿಯಲ್ಲಿ ‘ಲಿಟಲ್ ರೂಟೀ ಟೂಟೀ’ ಅನ್ನೋ ಕೃತಿ ಬರುತ್ತೆ. ಮಾಂಕ್ ಅದನ್ನ 1952ರಲ್ಲಿ ರೆಕಾರ್ಡ್ ಮಾಡುವಾಗ ಆ ಕ್ಷಣಕ್ಕೆ ತೋಚಿದ್ದು ನುಡಿಸಿದ್ದ, ನಮ್ಮವರು ಮನೋಧರ್ಮ ಅಂತಾರಲ್ಲ ಹಾಗೆ. ಓವರ್ಟನ್ ಆ ಪಿಯಾನೋ ಭಾಗವನ್ನ ಇದ್ದ ಹಾಗೇ ಬರೆದುಕೊಂಡು, ಇಡೀ ತಂಡಕ್ಕೆ ಹಂಚಿ ನುಡಿಸಿಬಿಟ್ಟ. ಕಹಳೆ, ಸ್ಯಾಕ್ಸೋಫೋನು, ಟ್ಯೂಬಾ ಎಲ್ಲ ಸೇರಿ ಆ ‘ತಪ್ಪು’ಗಳನ್ನೇ ಒಟ್ಟಿಗೆ ನುಡಿಸಿದ್ರೆ ಅದು ಕಟ್ಟಿದ ಮನೆ ಥರ ನಿಲ್ಲುತ್ತೆ. ಕೈ ಜಾರಿ ಬಿದ್ದ ಸ್ವರಗಳನ್ನ ಹೀಗೆ ನಿಲ್ಲಿಸೋಕೆ ಆಗುತ್ತಾ, ಸ್ವಾಮಿ?

ಹಾಗಾದರೆ ಆ ಚುಚ್ಚೋ ಸ್ವರಗಳು ಯಾಕೆ? ನಮ್ಮೂರ ಭಜನೆ ಮನೆಯಲ್ಲಿ ಹಾರ್ಮೋನಿಯಂ ಇತ್ತು. ಹಾಡೋರ ಗಂಟಲು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗ್ತಿದ್ರೆ, ಹಾರ್ಮೋನಿಯಂ ಮೆಟ್ಟಿಲು ಇಳಿದ ಹಾಗೆ ಟಕ್ ಟಕ್ ಅಂತ ಹೋಗೋದು. ಕೀಲಿಮಣೆಯ ಸಮಸ್ಯೆಯೇ ಅದು, ಎರಡು ಕೀಗಳ ನಡುವೆ ಜಾಗ ಇಲ್ಲ, ಗಮಕ ಹುಟ್ಟಲ್ಲ. ಆಕಾಶವಾಣಿಯವರು 1940ರಲ್ಲಿ ಹಾರ್ಮೋನಿಯಂ ಅನ್ನೇ ನಿಷೇಧಿಸಿ ಮೂರು ದಶಕ ಹೊರಗಿಟ್ಟಿದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಇದೂ ಒಂದು. ಪಿಯಾನೋಗೂ ಇದೇ ಗತಿ. ಆದರೆ ಬ್ಲೂಸ್ ಹಾಡುಗಾರರು ಸ್ವರವನ್ನ ಎಳೀತಾರೆ, ಬಾಗಿಸ್ತಾರೆ. ಜಾಝ್ ನಿಂತಿರೋದೇ ಆ ಬಾಗಿದ ಸ್ವರಗಳ ಮೇಲೆ. ಬಾಗದ ವಾದ್ಯದಲ್ಲಿ ಬಾಗಿದ ಸ್ವರ ಹೇಗೆ ತರೋದು? ಅಕ್ಕಪಕ್ಕದ ಎರಡೂ ಕೀ ಒಟ್ಟಿಗೆ ಒತ್ತಿ. ಇಲ್ಲ, ಒಂದನ್ನ ಒತ್ತಿ ಇನ್ನೊಂದರ ಮೇಲೆ ಜಾರಿ. ನಡುವೆ ಇಲ್ಲದೇ ಇರೋ ಸ್ವರದ ನೆರಳು ಕಿವಿಗೆ ಬೀಳುತ್ತೆ. ನನ್ನ ಕಿವಿಗೆ ಮಾಂಕ್ ಮಾಡ್ತಿರೋದು ಇದನ್ನೇ. ಇದನ್ನ ‘ತಪ್ಪು ಸ್ವರ’ ಅನ್ನೋದು, ಗಮಕವನ್ನ ‘ಗಂಟಲು ನಡುಗ್ತಿದೆ’ ಅಂದ ಹಾಗೆ.

ಇನ್ನು ಎರಡನೇ ಸುಳ್ಳು. ಇದು ನನಗೆ ಹೆಚ್ಚು ಉರಿಸುತ್ತೆ, ಯಾಕಂದ್ರೆ ಇದು ಹೊಗಳಿಕೆಯ ವೇಷದಲ್ಲಿ ಬರುತ್ತೆ.

ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿದ ಮೊದಲ ತಿಂಗಳು ನಮಗೆ ಉಚ್ಚಾರಣೆ ತಿದ್ದೋ ಟ್ರೈನಿಂಗ್ ಇತ್ತು. ನಮ್ಮ ಇಂಗ್ಲಿಷಿನಲ್ಲಿ ನಮ್ಮೂರು ಕೇಳಿಸಬಾರದು ಅನ್ನೋದೇ ಅದರ ಉದ್ದೇಶ. ‘ನ್ಯೂಟ್ರಲ್’ ಅನ್ನೋ ಪದ ದಿನಕ್ಕೆ ಐವತ್ತು ಸಲ ಕಿವಿಗೆ ಬೀಳೋದು. ಹಳ್ಳಿಯಿಂದ ಬಂದ ನಾವು ನಾಲ್ಕೈದು ಜನ ವಾರಗಟ್ಟಲೆ ನಾಲಿಗೆಗೆ ಇಸ್ತ್ರಿ ಹಾಕಿಕೊಂಡ್ವಿ. ವರ್ಷಗಳಾದ ಮೇಲೆ, ಇನ್ನೊಂದು ಕಂಪನಿ, ಅದೇ ಥರದ ಏಸಿ ಹಾಲು, ಅದೇ ಥರದ ಪ್ರೊಜೆಕ್ಟರು. ಈ ಸಲದ ವಿಷಯ: ನಿಮ್ಮ ಸ್ವಂತ ದನಿಯನ್ನ ಕಂಡುಕೊಳ್ಳಿ. ಮೂರನೇ ಸ್ಲೈಡಿನಲ್ಲಿ ಮಾಂಕ್ ಫೋಟೋ! ಟೋಪಿ, ಕಪ್ಪು ಕನ್ನಡಕ, ಗಡ್ಡ. ಕೆಳಗೆ ‘ನೀವು ನೀವಾಗಿರಿ’ ಅನ್ನೋ ಅರ್ಥದ ಒಂದು ಸಾಲು. ಆಮೇಲೆ ಎಲ್ಲರಿಗೂ ಹಳದಿ ಚೀಟಿ ಹಂಚಿ, ‘ನಿಮ್ಮ ದನಿಯನ್ನ ಮೂರು ಪದದಲ್ಲಿ ಬರೀರಿ, ಹತ್ತು ನಿಮಿಷ ಟೈಮು’ ಅಂದ್ರು. ಮೊದಲು ದನಿ ಕಿತ್ತುಕೊಳ್ಳೋದಕ್ಕೂ ಟ್ರೈನಿಂಗು, ಆಮೇಲೆ ಅದನ್ನ ಹತ್ತು ನಿಮಿಷದಲ್ಲಿ ವಾಪಸ್ ಹುಡುಕೋದಕ್ಕೂ ಟ್ರೈನಿಂಗು. ಎರಡಕ್ಕೂ ಬಿಲ್ಲು ಬೇರೆ ಬೇರೆ.

ಮಾಂಕ್ ಹತ್ತು ನಿಮಿಷದಲ್ಲಿ ಏನನ್ನೂ ಕಂಡುಕೊಳ್ಳಲಿಲ್ಲ. ಒಳಗೆ ಕಣ್ಮುಚ್ಚಿಕೊಂಡು ಹುಡುಕಲೂ ಇಲ್ಲ. ಅವನ ದನಿಯ ಬಹುಪಾಲು ಬೇರೆಯವರದ್ದು. ಎಡಗೈ ಕೇಳಿ. ಒಂದು ಸಲ ತಳದ ಸ್ವರ, ಒಂದು ಸಲ ನಡುವಿನ ಕಾರ್ಡು, ಮತ್ತೆ ತಳ, ಮತ್ತೆ ನಡು, ಹೀಗೆ ದಾಪುಗಾಲು ಹಾಕುತ್ತೆ. ಇದು ಅವನಿಗಿಂತ ಹಿಂದಿನ ತಲೆಮಾರಿನ ಹಾರ್ಲೆಮ್ ಪಿಯಾನೋ ವಾದಕರ ‘ಸ್ಟ್ರೈಡ್’ ಶೈಲಿ. ಅದರ ದೊಡ್ಡ ಗುರು ಜೇಮ್ಸ್ ಪಿ. ಜಾನ್ಸನ್. ಕಾರ್ಡ್ ಕಟ್ಟೋ ರೀತಿಯಲ್ಲಿ ಎಲಿಂಗ್ಟನ್ ಇದ್ದಾನೆ. ನಿಂತು ನಿಂತು ಬರೋ ಗಂಭೀರ ನಡೆಯಲ್ಲಿ ಚರ್ಚಿನ ಹಾಡುಗಳಿವೆ. ಹಳೇದನ್ನ ಒದ್ದು ಹೊಸದನ್ನ ತಂದವನು ಅಂತ ಭಾಷಣ ಮಾಡೋರು ಅವನ ಎಡಗೈಯನ್ನ ಕೇಳೇ ಇಲ್ಲ.

ಕೃತಿಗಳದ್ದೂ ಅದೇ ಕತೆ. ಜಾಝ್‌ನಲ್ಲಿ ಒಂದು ಹಳೇ ಹಾಡಿನ ಕಾರ್ಡುಗಳ ಚೌಕಟ್ಟನ್ನ ಹಾಗೇ ಇಟ್ಟುಕೊಂಡು, ಮೇಲಿನ ಹಾಡನ್ನ ಹೊಸದಾಗಿ ಬರೆಯೋದು ರೂಢಿ. ಮಾಂಕ್‌ನ ‘ಎವಿಡೆನ್ಸ್’ ಕೃತಿಯ ಅಡಿಪಾಯ 1929ರ ‘ಜಸ್ಟ್ ಯೂ, ಜಸ್ಟ್ ಮೀ’ ಅನ್ನೋ ಹಾಡು. ಬೇರೆಯವರು ಇಂಥ ಚೌಕಟ್ಟಿನ ಮೇಲೆ ಸ್ವರಗಳನ್ನ ತುಂಬ್ತಾ ಹೋದ್ರು. ಇವನು ಖಾಲಿ ಮಾಡ್ತಾ ಹೋದ. ಕೊನೆಗೆ ಉಳಿದದ್ದು ಅಲ್ಲೊಂದು ಇಲ್ಲೊಂದು ಬೀಳೋ ಒಂಟಿ ಪೆಟ್ಟು, ಅಷ್ಟೇ. ಮಿಕ್ಕಿದ್ದನ್ನ ಕೇಳುಗನ ಕಿವಿ ತುಂಬಿಕೊಳ್ಳಬೇಕು. ಸ್ವಂತಿಕೆ ಅಂದ್ರೆ ಯಾರೂ ಕಾಣದ ಗುಡ್ಡದಿಂದ ಕಲ್ಲು ತರೋದಲ್ಲ, ಎಲ್ಲರ ಹಿತ್ತಲಲ್ಲಿ ಇರೋ ಕಲ್ಲಲ್ಲಿ ಯಾವುದನ್ನ ಬಿಡಬೇಕು ಅನ್ನೋ ಲೆಕ್ಕ.

ಆ ಲೆಕ್ಕ ಎಷ್ಟು ಬಿಗಿ ಅಂತ ತಿಳೀಬೇಕಾದ್ರೆ ‘ಬ್ರಿಲಿಯಂಟ್ ಕಾರ್ನರ್ಸ್’ ನೋಡಿ. 1956ರ ಕೊನೆಯಲ್ಲಿ ರೆಕಾರ್ಡ್ ಆದದ್ದು. ಸಾಧಾರಣ ಹಾಡು 32 ಬಾರ್ ಇದ್ರೆ ಇದು 22. ಒಂದು ಸುತ್ತು ನಿಧಾನ, ಮುಂದಿನ ಸುತ್ತು ಅದರ ಎರಡರಷ್ಟು ವೇಗ. ಜೊತೆಗಿದ್ದವರು ಸಾಮಾನ್ಯರಲ್ಲ: ಸ್ಯಾಕ್ಸೋಫೋನಿಗೆ ಸಾನಿ ರಾಲಿನ್ಸ್, ಡ್ರಮ್ಸಿಗೆ ಮ್ಯಾಕ್ಸ್ ರೋಚ್, ಬಾಸ್‌ಗೆ ಆಸ್ಕರ್ ಪೆಟಿಫೋರ್ಡ್. 25 ಸಲ ಪ್ರಯತ್ನ ಪಟ್ಟರೂ ಒಂದು ಸಲವೂ ಕೊನೆ ಮುಟ್ಟಲಿಲ್ಲ. ನಿರ್ಮಾಪಕ ಆರಿನ್ ಕೀಪ್‌ನ್ಯೂಸ್ ಟೇಪು ಕತ್ತರಿಸಿ ಅಂಟಿಸಿ ಒಂದು ಪೂರ್ತಿ ಮಾಡಿದ. ‘ಮನಸ್ಸಿಗೆ ಬಂದದ್ದು ನುಡಿಸಿದ’ ಅನ್ನೋರಿಗೆ ನನ್ನ ಪ್ರಶ್ನೆ: ಮನಸ್ಸಿಗೆ ಬಂದದ್ದನ್ನ ನುಡಿಸೋಕೆ ಇಂಥ ದಿಗ್ಗಜರಿಗೆ 25 ಸಲ ಯಾಕೆ ಬೇಕಿತ್ತು?

ಇಲ್ಲಿ ಒಂದು ಎಚ್ಚರಿಕೆ. ನಾನು ಇಷ್ಟು ಹೇಳಿದ್ದನ್ನ ಹಿಡಿದುಕೊಂಡು ‘ನೋಡಿ, ನನ್ನ ಅಪಸ್ವರವೂ ಸ್ಟೈಲೇ’ ಅಂತ ಯಾರಾದ್ರೂ ಹೊರಟ್ರೆ, ಕ್ಷಮಿಸಿ, ನಿಮ್ಮದು ನೆಲ ಡೊಂಕಿನ ಕೇಸೇ. ಪರೀಕ್ಷೆ ಸುಲಭ. ನಿಮ್ಮ ‘ತಪ್ಪ’ನ್ನ ನಾಳೆಯೂ, ಮುಂದಿನ ವರ್ಷವೂ ಅದೇ ಜಾಗದಲ್ಲಿ, ಅದೇ ತೂಕದಲ್ಲಿ, ಬೇಕೆಂದೇ ಮಾಡಬಲ್ಲಿರಾ? ಮಾಂಕ್ ಮಾಡಿದ. ಅದೇ 70 ಕೃತಿಗಳನ್ನ ಮೂರು ದಶಕ ತಿರುಗಿಸಿ ತಿರುಗಿಸಿ ಉಜ್ಜಿದ. 1960ರ ದಶಕದಲ್ಲಿ ‘ಹೊಸದೇನೂ ಇಲ್ಲ’ ಅಂತ ವಿಮರ್ಶಕರು ಗೊಣಗಿದ್ರು. ಮೊದಲು ಅರ್ಥ ಆಗಲ್ಲ ಅಂದ್ರು, ಅರ್ಥ ಆದ ಮೇಲೆ ಹಳೇದಾಯ್ತು ಅಂದ್ರು. ಮಧ್ಯೆ ಕೂತು ಕೇಳೋಕೆ ಪುರುಸೊತ್ತೇ ಸಿಗಲಿಲ್ಲ ಪಾಪ.

ಈಗ ಸ್ಲೈಡಿನಲ್ಲಿ ಹಾಕದೇ ಇರೋ ಲೆಕ್ಕಕ್ಕೆ ಬರ್ತೀನಿ. ದುಡ್ಡಿನ ಲೆಕ್ಕ.

ಆ ಕಾಲದ ನ್ಯೂಯಾರ್ಕಿನಲ್ಲಿ ಮದ್ಯ ಮಾರೋ ಕ್ಲಬ್ಬುಗಳಲ್ಲಿ ನುಡಿಸಬೇಕಾದ್ರೆ ಪೊಲೀಸರು ಕೊಡೋ ಕ್ಯಾಬರೆ ಕಾರ್ಡು ಇರಲೇಬೇಕಿತ್ತು. 1951ರಲ್ಲಿ ಮಾಂಕ್ ಮತ್ತು ಅವನ ಗೆಳೆಯ, ಪಿಯಾನೋ ವಾದಕ ಬಡ್ ಪೊವೆಲ್ ಕೂತಿದ್ದ ಕಾರಿನಲ್ಲಿ ಪೊಲೀಸರಿಗೆ ಹೆರಾಯಿನ್ ಸಿಕ್ಕಿತು. ಮಾಂಕ್ ಗೆಳೆಯನ ವಿರುದ್ಧ ಬಾಯಿ ಬಿಡಲಿಲ್ಲ. 60 ದಿನ ಜೈಲು, ಕಾರ್ಡು ರದ್ದು. 1957ರವರೆಗೆ, ಅಂದರೆ ಸುಮಾರು ಆರು ವರ್ಷ, ತನ್ನ ಊರಿನ ಕ್ಲಬ್ಬುಗಳಲ್ಲೇ ನುಡಿಸೋ ಹಾಗಿಲ್ಲ. ಜಾಝ್ ವಾದಕನಿಗೆ ಕ್ಲಬ್ಬು ಅಂದ್ರೆ ರೈತನಿಗೆ ಜಮೀನು ಇದ್ದ ಹಾಗೆ. ರೆಕಾರ್ಡುಗಳೋ, ಮಾರಾಟ ಇಲ್ಲ. 1955ರಲ್ಲಿ ಪ್ರೆಸ್ಟೀಜ್ ಕಂಪನಿಗೆ ಅವನು ಕೊಡಬೇಕಿದ್ದ ಮುಂಗಡದ ಬಾಕಿಯನ್ನ ರಿವರ್ಸೈಡ್ ಕಂಪನಿ ತೀರಿಸಿ ಅವನನ್ನ ಬಿಡಿಸಿಕೊಂಡಿತು. ಬಾಕಿ ಎಷ್ಟು ಗೊತ್ತಾ? ಬರೀ 108 ಡಾಲರ್ ಚಿಲ್ಲರೆ. ಜಾಝ್‌ನ ಅತಿ ದೊಡ್ಡ ಸಂಯೋಜಕರಲ್ಲಿ ಒಬ್ಬನ ಆ ಹೊತ್ತಿನ ಮಾರ್ಕೆಟ್ ರೇಟು ಅದು.

ಆ ಆರು ವರ್ಷ ಮನೆ ನಡೆಸಿದ್ದು ನೆಲ್ಲಿ, ಅವನ ಹೆಂಡತಿ. ಹೊಲಿಗೆ ಕೆಲಸ, ಮತ್ತೆ ಸಿಕ್ಕ ಕೆಲಸ. ಮನೇಲಿ ಇಬ್ಬರು ಮಕ್ಕಳು. ಆಕೆಯ ಆರೋಗ್ಯವೂ ಅಷ್ಟಕ್ಕಷ್ಟೇ. ನಾನು ಬಿ.ಇ. ಓದಲಿ ಅಂತ ಮನೆಯ ಎಮ್ಮೆ ಮಾರಿದ್ದನ್ನ ಕಂಡವರು ನಾವು. ಇಂಥ ಕತೆ ಕೇಳಿದಾಗ ನಮ್ಮಂಥವರಿಗೆ ಮೊದಲು ಹೊಳೆಯೋ ಪ್ರಶ್ನೆಯೇ ‘ಬಾಡಿಗೆ ಯಾರು ಕಟ್ಟಿದ್ರು?’ ಅನ್ನೋದು. ಆದ್ದರಿಂದ ‘ಮಾಂಕ್ ರಾಜಿ ಮಾಡಿಕೊಳ್ಳಲಿಲ್ಲ’ ಅಂತ ಚಪ್ಪಾಳೆ ಹೊಡೆಯೋರು ಅರ್ಧ ಚಪ್ಪಾಳೆಯನ್ನ ನೆಲ್ಲಿಗೆ ಎತ್ತಿಡಬೇಕು. ಮಾಂಕ್‌ಗೆ ಅದು ಗೊತ್ತಿತ್ತು. 1957ರಲ್ಲಿ ನೆಲ್ಲಿ ಥೈರಾಯ್ಡ್ ಆಪರೇಷನ್ನಿಗೆ ಆಸ್ಪತ್ರೆ ಸೇರಿದ ಹೊತ್ತಿನಲ್ಲಿ ಅವನು ‘ಕ್ರೆಪಸ್ಕ್ಯೂಲ್ ವಿತ್ ನೆಲ್ಲಿ’ ಬರೆದ. ತನ್ನ ಕೃತಿಗಳಲ್ಲೆಲ್ಲ ಮನೋಧರ್ಮಕ್ಕೆ ಜಾಗ ಬಿಟ್ಟವನು ಇದರಲ್ಲಿ ಮಾತ್ರ ಬಿಡಲಿಲ್ಲ. ಬರೆದದ್ದನ್ನ ಬರೆದ ಹಾಗೇ ನುಡಿಸಬೇಕು. ಹೆಂಡತಿಯ ಹೆಸರಿನ ಮೇಲೆ ಅವನು ಆಟ ಆಡಲಿಲ್ಲ.

ಕಷ್ಟದಿಂದಲೇ ಕಲೆ ಹುಟ್ಟುತ್ತೆ ಅನ್ನೋ ಹಳೇ ರಾಗವನ್ನ ದಯವಿಟ್ಟು ಶುರು ಮಾಡಬೇಡಿ. ‘ರೌಂಡ್ ಮಿಡ್‌ನೈಟ್’ 1944ಕ್ಕೇ ರೆಕಾರ್ಡ್ ಆಗಿತ್ತು, ಬ್ಲೂ ನೋಟ್ ಮುದ್ರಣಗಳು 1947ಕ್ಕೇ ಆಗಿದ್ದವು. ದನಿ ಕಾರ್ಡು ಹೋಗುವ ಮುಂಚೆಯೇ ಇತ್ತು. ಪೊಲೀಸರು ಕೊಟ್ಟದ್ದು ದನಿಯನ್ನಲ್ಲ, ಆರು ವರ್ಷದ ಹಸಿವನ್ನ. 1958ರಲ್ಲಿ ಡೆಲವೇರ್‌ನಲ್ಲಿ ದಾರಿ ಮಧ್ಯೆ ಒಂದು ಮೋಟೆಲಿನಲ್ಲಿ ನೀರು ಕೇಳೋಕೆ ಇಳಿದವನನ್ನ ಪೊಲೀಸರು ಹಿಡಿದು, ಪಿಯಾನೋ ನುಡಿಸೋ ಆ ಕೈಗಳ ಮೇಲೇ ಹೊಡೆದ್ರು. ಅದರಿಂದ ಯಾವ ರಾಗವೂ ಹುಟ್ಟಲಿಲ್ಲ. ಕಾರ್ಡು ಮತ್ತೊಮ್ಮೆ ಹೋಯ್ತು, ಅಷ್ಟೇ.

ಆಮೇಲೆ ಮರ್ಯಾದೆ ಬಂತು. 1964ರ ಫೆಬ್ರವರಿಯಲ್ಲಿ ‘ಟೈಮ್’ ಪತ್ರಿಕೆ ಮುಖಪುಟದಲ್ಲಿ ಹಾಕಿತು. 2006ರಲ್ಲಿ, ಸತ್ತು 24 ವರ್ಷ ಆದ ಮೇಲೆ, ಪುಲಿಟ್ಜರ್‌ನವರು ವಿಶೇಷ ಗೌರವ ಕೊಟ್ಟರು. ಬಾಡಿಗೆ ಕಟ್ಟೋಕೆ ಕಷ್ಟ ಇದ್ದ ಆ ಆರು ವರ್ಷದಲ್ಲಿ ಇವೆಲ್ಲ ಎಲ್ಲಿದ್ದವು ಅಂತ ಕೇಳೋದು ಅಸಭ್ಯ ಅನ್ನಿಸಬಹುದು. ನಾನು ಕೇಳ್ತೀನಿ.

ಇಷ್ಟಾದ ಮೇಲೂ ಮಾಂಕ್‌ನಿಂದ ಕಲಿಯಬೇಕು ಅನ್ನೋರಿಗೆ ಒಂದು ಮಾದರಿ ಇದೆ. 1957ರಲ್ಲಿ ಕಾರ್ಡು ವಾಪಸ್ ಸಿಕ್ಕ ಮೇಲೆ ಮಾಂಕ್ ‘ಫೈವ್ ಸ್ಪಾಟ್’ ಕೆಫೆಯಲ್ಲಿ ತಿಂಗಳುಗಟ್ಟಲೆ ನುಡಿಸಿದ. ಜೊತೆಗೆ ಸ್ಯಾಕ್ಸೋಫೋನಿಗೆ ಜಾನ್ ಕೋಲ್ಟ್ರೇನ್. ಕೋಲ್ಟ್ರೇನ್ ಮಾಂಕ್‌ನ ಮನೆಗೇ ಹೋಗಿ ಕೃತಿಗಳನ್ನ ಒಂದೊಂದಾಗಿ ಕಲಿತ. ರಾತ್ರಿ ಕಛೇರಿಯಲ್ಲಿ ಮಾಂಕ್ ಪಿಯಾನೋ ಬಿಟ್ಟು ಎದ್ದುಹೋಗಿ ಕುಣೀತಿದ್ರೆ, ಬರೀ ಬಾಸು, ಡ್ರಮ್ಸು ಇಟ್ಟುಕೊಂಡು ತನ್ನ ದಾರಿ ತಾನೇ ಹುಡುಕಿಕೊಂಡ. ಅದೇ ವರ್ಷ ನವೆಂಬರಿನಲ್ಲಿ ಕಾರ್ನೆಗೀ ಹಾಲ್‌ನಲ್ಲಿ ಇಬ್ಬರೂ ನುಡಿಸಿದ್ದರ ಟೇಪು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ 2005ರಲ್ಲಿ ಸಿಕ್ಕಿ ಬಿಡುಗಡೆಯಾಯ್ತು. ಕೇಳಿ ನೋಡಿ. ಗುರು ಒಂದು ಸ್ವರ ಹಾಕಿ ಕಾಯ್ತಾನೆ, ಶಿಷ್ಯ ಜಲಪಾತದ ಹಾಗೆ ಸುರೀತಾನೆ. ಒಬ್ಬರ ಥರ ಇನ್ನೊಬ್ಬರು ಇಲ್ಲವೇ ಇಲ್ಲ. ಮಾಂಕ್‌ನಿಂದ ನಿಜವಾಗಿ ಕಲಿತವನು ಮಾಂಕ್ ಥರ ಕೇಳಿಸಲ್ಲ. ಟೋಪಿ ಕೊಂಡವನು ಮಾತ್ರ ಹಾಗೆ ಕೇಳಿಸ್ತಾನೆ.

ಹಾಗಾಗಿ ಮುಂದಿನ ಸಲ ಯಾರಾದ್ರೂ ನಿಮ್ಮ ಕೈಗೆ ಹಳದಿ ಚೀಟಿ ಕೊಟ್ಟು ‘ಸ್ವಂತ ದನಿ ಬರೀರಿ’ ಅಂದ್ರೆ ಮೂರು ಪದ ಬರೆಯೋಕೆ ಹೋಗಬೇಡಿ. ಮೂರು ಪ್ರಶ್ನೆ ಬರೆದು ವಾಪಸ್ ಕೊಡಿ. ನಾನು ಯಾರ ಹತ್ತಿರ ಕಲೀಬೇಕು? ಕಲಿತದ್ದರಲ್ಲಿ ಏನನ್ನ ಬಿಡೋಕೆ ನೀವು ಬಿಡ್ತೀರಿ? ಬಿಟ್ಟ ಮೇಲೆ, ಜನಕ್ಕೆ ಅರ್ಥ ಆಗೋವರೆಗಿನ ಆರು ವರ್ಷ, ಬಾಡಿಗೆ ಯಾರು ಕಟ್ತಾರೆ?

ಮೂರನೇ ಪ್ರಶ್ನೆಗೆ ಉತ್ತರ ಇಲ್ಲದವರು ಮಾಂಕ್ ಫೋಟೋ ಹಾಕೋದನ್ನ ನಿಲ್ಲಿಸಲಿ.